ಗಾಡಿ ಕೊಂಡ ದಿನವೇ ಗೊತ್ತಿದ್ದ ತಾರೀಖು

ನಮ್ಮ ಕಡೆಯ ಬೇಸಿಗೆಯ ಬಗ್ಗೆ ಮಾತು ಬಂದರೆ ಎಲ್ಲರೂ ನೀರಿನ ಕಥೆ ಹೇಳುತ್ತಾರೆ, ಇಲ್ಲವೇ ಕರೆಂಟಿನ ಕಥೆ. ಬೆಂಕಿಯ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೆ ಕರೆದಂತಾಗುತ್ತದೆ ಎಂಬ ಅಂಜಿಕೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದು ಊರುಗಳ ನಡುವಿನ ಯಾವ ಹಳ್ಳಿಗಾದರೂ ಮಾರ್ಚ್ ಕೊನೆಗೆ ಬಂದು ನೋಡಿ. ಮನೆಯ ಹಿಂದೆ ವರ್ಷಪೂರ್ತಿ ದನಕ್ಕೆ ಬೇಕಾಗುವ ಜೋಳದ ಕಣಿಕೆಯ ಬಣವೆ. ಪಕ್ಕದಲ್ಲೇ ಒಲೆಗೆಂದು ಒಟ್ಟಿದ ತೊಗರಿ ಕಟ್ಟಿಗೆ. ಮೇಲೆ ಜೋತುಬಿದ್ದ ಕರೆಂಟಿನ ತಂತಿ. ಬಿಸಿಲು ಸುಡುತ್ತಿರುತ್ತದೆ. ಬೀಡಿ ಸೇದುವ ಹಿರಿಯರೂ ಬಣವೆಯಿಂದ ನಾಲ್ಕು ಮಾರು ದೂರ ಹೋಗಿ ಕೂಡುತ್ತಾರೆ.

ನಾನು ಆ ಕಡೆಯವನು. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಮಾಡುತ್ತಿರುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ಬ್ಯಾಚಿನ ಅರ್ಧ ಜನರ ಕಥೆಯೂ ಇದೇ. ತಿಂಗಳಿಗೊಂದು ವಾರ ನನಗೆ ‘ಆನ್‌ಕಾಲ್’ ಪಾಳಿ ಇರುತ್ತದೆ. ರಾತ್ರಿ ಎರಡಕ್ಕೆ ಎಲ್ಲೋ ಒಂದು ಸರ್ವರ್ ಕೆಮ್ಮಿದರೂ ಫೋನ್ ಹೊಡೆದುಕೊಳ್ಳುತ್ತದೆ, ಐದು ನಿಮಿಷದೊಳಗೆ ನಾನು ಉತ್ತರ ಕೊಡಬೇಕು. ಕೊಡದಿದ್ದರೆ ಕರೆ ನನ್ನ ಮೇಲಿನವರಿಗೆ ಹೋಗುತ್ತದೆ, ಅವರೂ ಏಳದಿದ್ದರೆ ಅವರ ಮೇಲಿನವರಿಗೆ. ಜನ ಆನ್‌ಲೈನ್‌ನಲ್ಲಿ ಚಪ್ಪಲಿ ಕೊಳ್ಳುವುದು ಹತ್ತು ನಿಮಿಷ ನಿಲ್ಲಬಾರದು ಎಂದು ಇಷ್ಟೆಲ್ಲ ಏರ್ಪಾಡು.

ಎರಡು ವರ್ಷದ ಹಿಂದೆ, ಯುಗಾದಿಗೆ ವಾರವಿರುವಾಗ, ಅಂಥ ಒಂದು ಪಾಳಿಯ ಮಧ್ಯಾಹ್ನವೇ ಊರಿನಿಂದ ತಮ್ಮನ ಫೋನ್ ಬಂತು. “ಅಣ್ಣಾ, ಕಾಕಾನ ಬಣಮಿಗಿ ಬೆಂಕಿ ಹತ್ಯಾದ. ಗಾಡಿಗಿ ಫೋನ್ ಮಾಡೀವಿ, ಇನ್ನಾ ಬಂದಿಲ್ಲ.”

ಗಾಡಿ ಬಂದಿದ್ದು ಮುಕ್ಕಾಲು ಗಂಟೆಯ ಮೇಲೆ. ಅಷ್ಟರಲ್ಲಿ ಓಣಿಯವರು ಎತ್ತು, ಎಮ್ಮೆಗಳ ಹಗ್ಗ ಕೊಯ್ದು ಬಿಟ್ಟಿದ್ದರು. ಕೊಡಗಳಲ್ಲಿ ನೀರು ತಂದು ಪಕ್ಕದ ಮನೆಯ ಮಾಳಿಗೆಗೆ ಸುರಿದಿದ್ದರು. ಜೀವ ಉಳಿಯಿತು, ಬಣವೆ ಬೂದಿಯಾಯಿತು. ಕಾದು ಕಾದು ಸಿಟ್ಟಿಗೆದ್ದ ನಾಲ್ಕು ಹುಡುಗರು ಗಾಡಿಯವರ ಮೇಲೆ ಏರಿಹೋದಾಗ, ಎಲ್ಲ ಕಳೆದುಕೊಂಡಿದ್ದ ಕಾಕಾ ಅಡ್ಡ ನಿಂತನಂತೆ. “ಅವರ್ನ ಯಾಕ ಬೈತೀರಿ? ಗಾಡಿ ಅವರ ಅಪ್ಪನ್ದೇನು? ಮೊದಲ ಅವರಿಗಿ ಕುಡೀಲಾಕ ನೀರು ಕೊಡ್ರಿ.”

ಹಬ್ಬಕ್ಕೆ ಹೋದಾಗ, ಬೆಂಕಿಯ ವರದಿಯ ನಕಲು ತರಲು ಕಾಕಾನ ಜೊತೆ ಠಾಣೆಗೆ ನಾನೂ ಹೋದೆ. ಯಾವ ಠಾಣೆ ಎಂದು ಬರೆಯುವುದಿಲ್ಲ. ಅಲ್ಲಿಯ ಸಿಬ್ಬಂದಿಯ ಮೇಲೆ ನನಗೆ ದೂರಿಲ್ಲ, ಊರಿನ ಹೆಸರು ಬದಲಿಸಿದರೂ ಕಥೆ ಬದಲಾಗುವಂಥದ್ದಲ್ಲ. ಚಾಲಕರು ಐವತ್ತು ದಾಟಿದವರು. ನಾನು ಇಂಜಿನಿಯರ್ ಎಂದು ಕಾಕಾ ಹೇಳಿದ್ದೇ ತಡ, “ಹಂಗಾದ್ರ ನೀವಾ ನೋಡ್ರಿ ಸಾಹೇಬ್ರ” ಅಂತ ನನ್ನನ್ನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದರು.

ಮೊದಲು ತೋರಿಸಿದ್ದು ಕಿಲೋಮೀಟರ್ ಮೀಟರ್. ಓಡಿದ್ದು ಬಹಳ ಕಮ್ಮಿ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ಈ ಅಂಕಿ ನೋಡಿದರೆ ಕುಣಿದಾಡುತ್ತಾರೆ. ಆದರೆ ಬೆಂಕಿ ಗಾಡಿಯ ಲೆಕ್ಕವೇ ಬೇರೆ. ನೀರು ಎತ್ತಿ ಎಸೆಯುವ ಪಂಪು ತಿರುಗುವುದು ಅದೇ ಇಂಜಿನ್ನಿನ ಬಲದಿಂದ. ಗಾಡಿ ಒಂದೇ ಕಡೆ ನಿಂತು ಎರಡು ಮೂರು ತಾಸು ಇಂಜಿನ್ ಜೋರಾಗಿ ಓಡುತ್ತದೆ, ಮೀಟರಿನಲ್ಲಿ ಒಂದು ಕಿಲೋಮೀಟರೂ ಏರುವುದಿಲ್ಲ. “ನಿಂತಲ್ಲೇ ಮುಪ್ಪಾಗ್ಯಾದ್ರೀ ಇದು” ಅಂದರು ಚಾಲಕರು. ಟಯರಿನ ಹಲ್ಲು ಇನ್ನೂ ಸವೆದಿಲ್ಲ, ಆದರೆ ರಬ್ಬರ್ ಬಿಸಿಲಿಗೆ ಸೀಳು ಬಿಟ್ಟಿದೆ. ಬ್ರೇಕಿಗೆ ಬೇಕಾದ ಗಾಳಿ ಎಲ್ಲೋ ಸೋರುತ್ತದೆ, ಒತ್ತಡ ಏರುವ ತನಕ ಗಾಡಿ ಬಿಡುವಂತಿಲ್ಲ. ಅವತ್ತು ನಮ್ಮ ಹಳ್ಳಕ್ಕೆ ಇಳಿಯುವ ಮುಂಚೆ ತಡವಾಗಿದ್ದು ಅದಕ್ಕೇ. ಒತ್ತಡದ ಮುಳ್ಳು ಕೆಳಗೆ ಬಿದ್ದಿತ್ತು, ಅವರು ಇಂಜಿನ್ ಓಡಿಸುತ್ತಾ ಮುಳ್ಳು ಏರುವುದನ್ನು ಕಾಯುತ್ತಾ ನಿಂತಿದ್ದರು. ದೂರದಲ್ಲಿ ನಮ್ಮೂರಿನ ಹೊಗೆ ಕಾಣುತ್ತಿತ್ತಂತೆ.

ಇಂಥ ಗಾಡಿಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರು ಹಿಡಿಯುತ್ತದೆ. ಎಂದರೆ ನಾಲ್ಕೂವರೆ ಟನ್. ಮೂರು ನಾಲ್ಕು ಕಾರುಗಳನ್ನು ಬೆನ್ನ ಮೇಲೆ ಹೊತ್ತಂತೆ. ಕಾಕಾ ಕೇಳಿದ: “ತಮ್ಮಾ, ಅರ್ಧ ತುಂಬಿಸ್ಕೊಂಡು ಹೊಂಟ್ರ ಹಗುರ ಆಗಂಗಿಲ್ಲೇನು?”

“ಇಲ್ರೀ ಯಜಮಾನ್ರ. ತುಂಬಿದ ಕೊಡ ತುಳುಕಂಗಿಲ್ಲ ಅಂತಾರಲ್ಲ, ನಮಗ ಅದು ಗಾದಿ ಮಾತಲ್ಲ, ಬ್ರೇಕಿನ ಮಾತು.”

ನಾಲ್ಕು ವರ್ಷ ನಾನು ಓದಿದ ಪಾಠವನ್ನು ಅವರು ಒಂದು ಸಾಲಿನಲ್ಲಿ ಮುಗಿಸಿದರು. ಟ್ಯಾಂಕ್ ಪೂರ್ತಿ ತುಂಬಿದ್ದರೆ ನೀರಿಗೆ ಅಲುಗಾಡಲು ಜಾಗವಿಲ್ಲ. ಅರ್ಧವಿದ್ದರೆ, ಬ್ರೇಕ್ ಒತ್ತಿದಾಗ ಗಾಡಿ ನಿಲ್ಲಲು ನೋಡುತ್ತದೆ, ನೀರು ಮಾತ್ರ ಮುಂದಕ್ಕೆ ನುಗ್ಗಿ ಗಾಡಿಯನ್ನು ದಬ್ಬುತ್ತದೆ. ತಿರುವಿನಲ್ಲಿ ಒಂದು ಮಗ್ಗುಲಿಗೆ ಸರಿದು ಉರುಳಿಸಲು ನೋಡುತ್ತದೆ. ಈ ಆಟ ತಡೆಯಲೆಂದೇ ಟ್ಯಾಂಕಿನೊಳಗೆ ಅಡ್ಡ ತಗಡುಗಳನ್ನು ಬೆಸೆದಿರುತ್ತಾರೆ. ವರ್ಷಗಟ್ಟಲೆ ನೀರಿನಲ್ಲೇ ಇರುವ ಆ ತಗಡುಗಳು ತುಕ್ಕು ಹಿಡಿಯುತ್ತವೆ. ಈ ಗಾಡಿಯಲ್ಲಿ ಟ್ಯಾಂಕಿನ ಮೇಲ್ಭಾಗದ ಬೆಸುಗೆಯೂ ಬಿಟ್ಟಿತ್ತು. ಪೂರ್ತಿ ತುಂಬಿದರೆ ದಾರಿಯುದ್ದಕ್ಕೂ ಸೋರಿ, ಊರು ಮುಟ್ಟುವುದರೊಳಗೆ ತಾನಾಗಿಯೇ ಮುಕ್ಕಾಲಿಗೆ ಇಳಿಯುತ್ತಿತ್ತು. ಅಂದರೆ ತುಂಬಿಸಿಕೊಂಡು ಹೊರಟರೂ ತುಳುಕುವ ಕೊಡವೇ.

“ಬೆಂಕಿ ಮುಂದ ನಿಂತ ಮ್ಯಾಲ ನನಗ ಅಂಜಿಕಿ ಇಲ್ರೀ” ಅಂದರು. “ಅಲ್ಲಿ ಮುಟ್ಟೋದ್ರೊಳಗೇ ಅಂಜಿಕಿ. ಹಿಂದ ನಾಕು ಹುಡುಗ್ರು ಕುಂತಿರ್ತಾರ.”

ಈ ಮಾತು ಅಂದಿನಿಂದ ನನ್ನ ತಲೆಯಿಂದ ಹೋಗಿಲ್ಲ. ಏಪ್ರಿಲ್ 14 ಬಂದರೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನ ಆಚರಿಸುತ್ತೇವೆ. 1944ರ ಆ ದಿನ ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸಿಡಿಮದ್ದು ತುಂಬಿದ್ದ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ಸ್ಫೋಟಿಸಿ, ಬೆಂಕಿ ಆರಿಸಲು ಹೋಗಿದ್ದ 66 ಮಂದಿ ಸಿಬ್ಬಂದಿ ಸತ್ತರು. ಅವರನ್ನು ನೆನೆಯುತ್ತೇವೆ, ಶಾಲೆ ಮಕ್ಕಳಿಗೆ ಪ್ರಾತ್ಯಕ್ಷಿಕೆ ತೋರಿಸುತ್ತೇವೆ. ಅದು ಸರಿಯೇ. ಆದರೆ ಬೆಂಕಿಯ ಎದುರು ಸಾಯುವುದು ಬೇರೆ, ಬೆಂಕಿ ಇನ್ನೂ ಹತ್ತು ಕಿಲೋಮೀಟರ್ ದೂರ ಇರುವಾಗಲೇ ಬ್ರೇಕ್ ಹಿಡಿಯದೆ ಹಳ್ಳಕ್ಕೆ ಉರುಳಿ ಸಾಯುವುದು ಬೇರೆ. ಎರಡನೆಯದು ಯಾವ ಧೈರ್ಯದ ಪ್ರಶ್ನೆಯೂ ಅಲ್ಲ, ಬರೀ ದುಡ್ಡಿನ ಪ್ರಶ್ನೆ.

ಹಾಗಾದರೆ ಹಳೆಯ ಗಾಡಿ ತೆಗೆದುಬಿಡಿ ಅನ್ನುತ್ತೀರಾ? ಅದಕ್ಕೆ ಕಾನೂನು ಬಂದೇ ಬಿಟ್ಟಿದೆ. ಕೇಂದ್ರ ಸಾರಿಗೆ ಸಚಿವಾಲಯ 2023ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಸರ್ಕಾರಿ ವಾಹನಗಳ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನವೀಕರಣವಿಲ್ಲ, ಗುಜರಿಗೇ ಹೋಗಬೇಕು. 2023ರ ಏಪ್ರಿಲ್ 1ರಿಂದ ಜಾರಿ. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಆ ಪಟ್ಟಿಯಲ್ಲಿ ಬೆಂಕಿ ಗಾಡಿ ಎಂಬ ಮಾತಿಲ್ಲ. ನಿಯಮದ ಉದ್ದೇಶ ಒಳ್ಳೆಯದೇ. ನಮ್ಮ ಚಾಲಕರನ್ನು ಕೇಳಿದರೆ ಅವರೇ ಮೊದಲು ಕೈ ಎತ್ತುತ್ತಾರೆ.

ತೊಡಕಿರುವುದು ಕ್ರಮದಲ್ಲಿ. ಹಳೆಯದು ಹೋಗುವುದು ಕ್ಯಾಲೆಂಡರಿನ ತಾರೀಖಿಗೆ, ಹೊಸದು ಬರುವುದು ಫೈಲಿನ ವೇಗಕ್ಕೆ. ನಡುವೆ ಖಾಲಿ ಬೀಳುವ ತಿಂಗಳುಗಳಲ್ಲಿ ಠಾಣೆಗೆ ಎರಡೇ ದಾರಿ. ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಕರೆ ಬಂದಾಗ ಪಕ್ಕದ ತಾಲ್ಲೂಕಿನ ಗಾಡಿ ಕರೆಸಬೇಕು. ಇಲ್ಲವೇ ಹಳೆಯದನ್ನೇ ಹೇಗೋ ಎಳೆದುಕೊಂಡು ಹೋಗಬೇಕು. ಮೊದಲನೆಯದರಲ್ಲಿ ಹಳ್ಳಿಯವರು ಸುಡುತ್ತಾರೆ, ಎರಡನೆಯದರಲ್ಲಿ ಸಿಬ್ಬಂದಿಯ ಜೀವ ಹೋಗಬಹುದು.

ನಮ್ಮ ಕೆಲಸದಲ್ಲಿ ಇದಕ್ಕೊಂದು ಸರಳ ಕಟ್ಟಳೆ ಇದೆ. ಹೊಸ ಸರ್ವರ್ ನಿಂತು ಓಡುವ ತನಕ ಹಳೆಯದರ ಪ್ಲಗ್ ಕೀಳಬೇಡ. ಹಳೆಯದು ಯಾವಾಗ ಸಾಯುತ್ತದೆ ಎಂದು ಗೊತ್ತಿದ್ದರೆ ಹೊಸದಕ್ಕೆ ಆವಾಗಲ್ಲ, ಈಗಲೇ ಬರೆ. ಗಾಡಿಯ ವಿಷಯದಲ್ಲಂತೂ ಆ ತಾರೀಖು ಊಹೆಯೂ ಅಲ್ಲ. 2026ರಲ್ಲಿ ನೋಂದಣಿಯಾದ ಗಾಡಿಗೆ 2041ರಲ್ಲಿ ಮುಗಿತಾಯ ಎಂದು ಕೊಂಡ ದಿನವೇ ಗೋಡೆಗೆ ಬರೆದು ಹಾಕಬಹುದು. 12ನೇ ವರ್ಷಕ್ಕೇ ದುಡ್ಡು ಕೇಳಿದರೆ 15ನೇ ವರ್ಷ ಯಾರೂ ತಲೆಯ ಮೇಲೆ ಕೈ ಹೊತ್ತು ಕೂಡಬೇಕಿಲ್ಲ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ನೀಡುವ ಸಲಹೆಯೂ ಇದೇ ಜಾಡಿನದು: 15 ವರ್ಷ ದಾಟಿದ, ಆದರೆ ಚೆನ್ನಾಗಿ ನೋಡಿಕೊಂಡ ಗಾಡಿಯನ್ನು ಮುಂದಿನ ಸಾಲಿನಿಂದ ಮೀಸಲಿಗೆ ಸರಿಸಿ, 25 ದಾಟಿದ್ದನ್ನು ಬದಲಿಸಿ. ಮೀಸಲು ಎಂಬ ಆ ಮಧ್ಯದ ಮೆಟ್ಟಿಲು ನಮ್ಮ ನಿಯಮದಲ್ಲಿಲ್ಲ.

ಠಾಣೆಯಿಂದ ವಾಪಸ್ ಬಂದ ಸಂಜೆ ಕಟ್ಟೆಯ ಮೇಲೆ ಇದೇ ಮಾತು. ಒಬ್ಬರು ಅಂದರು, “ಜಾತ್ರಿಗಿ ಪಟ್ಟಿ ಹಾಕ್ತೀವಿ, ಗಾಡಿಗೂ ಹಾಕೋಣು. ಮನಿಗಿ ಐನೂರು.” ಕೇಳಲು ಚೆಂದ. ಅಮೆರಿಕದ ಹಳ್ಳಿಗಳಲ್ಲಿ ನಿಜಕ್ಕೂ ಹೀಗೇ ನಡೆಯುತ್ತದೆ. ಅಲ್ಲಿ ಬೆಂಕಿ ಆರಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂಬಳವಿಲ್ಲದ ಸ್ವಯಂಸೇವಕರು. ಭಾನುವಾರ ಬೆಳಿಗ್ಗೆ ಠಾಣೆಯಲ್ಲೇ ಪ್ಯಾನ್‌ಕೇಕ್ ಎಂಬ ದಪ್ಪ ದೋಸೆ ಹಾಕಿ ಮಾರುತ್ತಾರೆ, ಬಂದ ದುಡ್ಡನ್ನು ಹೊಸ ಗಾಡಿಗೆಂದು ಕೂಡಿಡುತ್ತಾರೆ. ಆದರೆ ಅಲ್ಲಿ ಠಾಣೆ ಊರಿನದು. ನಮ್ಮಲ್ಲಿ ಅದು 1964ರ ಕಾಯ್ದೆಯಡಿ ರಾಜ್ಯ ಸರ್ಕಾರ ನಡೆಸುವ ಇಲಾಖೆ. ಖರೀದಿಗೆ ಟೆಂಡರ್ ಆಗಬೇಕು, ಗಾಡಿಯ ಜೊತೆ ಚಾಲಕನ ಹುದ್ದೆ, ಡೀಸೆಲ್, ರಿಪೇರಿ ಎಲ್ಲ ಮಂಜೂರಾಗಬೇಕು. ಜಾತ್ರೆಯ ಪಟ್ಟಿಯಲ್ಲಿ ಅದು ಮುಗಿಯುವುದಿಲ್ಲ. ಮುಗಿಯಲೂಬಾರದು. ಬಣವೆ ಸುಟ್ಟುಕೊಂಡವನಿಂದಲೇ ಐನೂರು ಎತ್ತಿ ಗಾಡಿ ಕೊಳ್ಳುವುದು ಯಾವ ನ್ಯಾಯ?

ದುಡ್ಡು ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. ನಾನು ರಜೆಯಲ್ಲಿ ಕೂತು ಹುಡುಕಿದೆ, ಬಡಿಯಬಹುದಾದ ಬಾಗಿಲು ನಾಲ್ಕು ಸಿಕ್ಕವು.

ಒಂದು, ಕೇಂದ್ರದ್ದು. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆಂದೇ 5,000 ಕೋಟಿ ರೂಪಾಯಿಯ ಯೋಜನೆ 2023ರ ಜುಲೈನಲ್ಲಿ ಶುರುವಾಯಿತು. ಆ ಆಯೋಗದ ಅವಧಿ 2026ರ ಮಾರ್ಚ್ ತನಕ. ಕರ್ನಾಟಕದಂಥ ರಾಜ್ಯ ಅದರಲ್ಲಿ ದುಡ್ಡು ಪಡೆಯಬೇಕಾದರೆ ಶೇ 25 ತಾನೂ ಹಾಕಬೇಕು. ಇಂಥ ಯೋಜನೆ ಬಂದಾಗ ಯಾವ ತಾಲ್ಲೂಕಿನ ಹೆಸರು ಪ್ರಸ್ತಾವನೆಯಲ್ಲಿ ಸೇರುತ್ತದೆ ಎಂಬುದೇ ದೊಡ್ಡ ಪ್ರಶ್ನೆ.

ಎರಡು, ನಮ್ಮದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಸಂವಿಧಾನದ 371(ಜೆ) ವಿಧಿಯಿಂದ ಬಂದದ್ದು, ಕಚೇರಿ ಕಲಬುರಗಿಯಲ್ಲೇ ಇದೆ. 2023–24ರ ರಾಜ್ಯ ಬಜೆಟ್ಟಿನಲ್ಲಿ ಅದಕ್ಕೆ 5,000 ಕೋಟಿ ಘೋಷಣೆಯಾಗಿತ್ತು.

ಮೂರು, ದೊಡ್ಡ ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯಂತೆ ಲಾಭದ ಸರಾಸರಿಯಲ್ಲಿ ಶೇ 2 ಸಮಾಜಕ್ಕೆ ಖರ್ಚಾಗಬೇಕು. ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ವಿಪತ್ತು ನಿರ್ವಹಣೆಯೂ ಇದೆ.

ನಾಲ್ಕನೆಯದು ನನ್ನನ್ನು ಬೆರಗುಗೊಳಿಸಿತು. ನಮ್ಮ ನೆಲದ ಸುಣ್ಣದ ಕಲ್ಲಿನ ಕಥೆ ನಿಮಗೆ ಗೊತ್ತೇ ಇದೆ. ನಿಮ್ಮ ಅಜ್ಜಿಯ ಅಡುಗೆಮನೆಗೆ ಹಾಸಿದ್ದ ಶಹಾಬಾದಿ ಫರ್ಸಿ ಬಂದಿದ್ದು ಇಲ್ಲಿಂದಲೇ. ಸೇಡಂ, ವಾಡಿಯ ಸಿಮೆಂಟು ಇವತ್ತು ದೇಶದ ಎಷ್ಟೋ ಕಡೆ ಗೋಡೆಯಾಗಿ ನಿಂತಿದೆ. ಸಿಮೆಂಟಿಗೆ ಬಳಸುವ ಸುಣ್ಣದ ಕಲ್ಲಿಗೆ ಟನ್ನಿಗೆ 80 ರೂಪಾಯಿ ರಾಜಧನ. 2015ರ ಗಣಿ ಕಾಯ್ದೆ ತಿದ್ದುಪಡಿಯ ನಂತರ, ಹಳೆಯ ಗುತ್ತಿಗೆಯಾದರೆ ಆ ರಾಜಧನದ ಶೇ 30, ಹೊಸದಾದರೆ ಶೇ 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹೆಚ್ಚುವರಿಯಾಗಿ ಕಟ್ಟಬೇಕು. ಗಣಿಯಿಂದ ಬಾಧಿತವಾದ ಜನ ಮತ್ತು ಊರುಗಳ ಹಿತಕ್ಕೆಂದೇ ಇರುವ ನಿಧಿ ಅದು. ಹಳೆಯ ಗುತ್ತಿಗೆಯ ಲೆಕ್ಕದಲ್ಲಿ ಟನ್ನಿಗೆ 24 ರೂಪಾಯಿ. ಒಂದು ಗಾಡಿಗೆ ಲೆಕ್ಕದ ಅನುಕೂಲಕ್ಕೆ ಅರ್ಧ ಕೋಟಿ ಇಟ್ಟುಕೊಳ್ಳಿ. ಸುಮಾರು 2 ಲಕ್ಷ 8 ಸಾವಿರ ಟನ್ ಕಲ್ಲು ಅಗೆದರೆ ಅಷ್ಟು ಬಂತು. ವಾಡಿಯ ಎಸಿಸಿ ಕಾರ್ಖಾನೆಯಲ್ಲಿ ದಿನಕ್ಕೆ 12,500 ಟನ್ ಕ್ಲಿಂಕರ್ ಸುಡುವ ಒಂದು ಕಿಲನ್ ಇದೆ. ಒಂದು ಟನ್ ಕ್ಲಿಂಕರಿಗೆ ಒಂದೂವರೆ ಟನ್ನಿನಷ್ಟು ಕಲ್ಲು ಬೇಕು. ಪೂರ್ತಿ ಓಡಿದರೆ ಆ ಕಿಲನ್ ಒಂದೇ ಹನ್ನೊಂದು ದಿನದಲ್ಲಿ ಅಷ್ಟು ಕಲ್ಲು ನುಂಗುತ್ತದೆ.

ಹನ್ನೊಂದು ದಿನ! ನಾನು ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಒತ್ತಿ ನೋಡಿದೆ. ಕಾರ್ಖಾನೆಯವರನ್ನು ದೂರಲು ಈ ಲೆಕ್ಕ ಹಾಕಿದ್ದಲ್ಲ, ಅವರು ಕಟ್ಟಬೇಕಾದ್ದನ್ನು ಕಾಯ್ದೆಯೇ ಹೇಳುತ್ತದೆ. ಗಾಡಿಯ ಬೆಲೆ ನಮ್ಮ ಕಾಕಾನಿಗೆ ಬೆಟ್ಟ, ಈ ನೆಲದ ದುಡಿಮೆಗೆ ಒಂದು ಹಿಡಿ ಮಣ್ಣು ಎಂದು ಹೇಳಲು ಹಾಕಿದೆ.

ಇನ್ನೊಂದು ಲೆಕ್ಕವನ್ನೂ ಹೇಳಿ ಮುಗಿಸುತ್ತೇನೆ. ಹಳ್ಳಿಗೆ ಬೆಂಕಿ ಗಾಡಿ 20 ನಿಮಿಷದಲ್ಲಿ ಮುಟ್ಟಬೇಕು ಎಂಬುದು ದೇಶದ ಅಗ್ನಿಶಾಮಕ ಸಲಹಾ ಮಂಡಳಿಯ ಮಾನದಂಡ. ಪಟ್ಟಣಕ್ಕಾದರೆ 5ರಿಂದ 7 ನಿಮಿಷ. ಫರ್ಸಿ ಲಾರಿ, ಸಿಮೆಂಟಿನ ಬಲ್ಕರುಗಳ ನಡುವೆ ನುಸುಳಿ ತಾಸಿಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ, 20 ನಿಮಿಷಕ್ಕೆ ದಾಟುವುದು 13 ಕಿಲೋಮೀಟರ್. ತಾಲ್ಲೂಕಿನ ನಕಾಶೆ ತೆಗೆದು ಪಟ್ಟಣದ ಸುತ್ತ 13 ಕಿಲೋಮೀಟರಿನ ಒಂದು ಸುತ್ತು ಎಳೆಯಿರಿ. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯ ಕಾಡಂಚಿನ ತಾಂಡಾಗಳು ಆ ಸುತ್ತಿನ ಹೊರಗೆ ಬೀಳುತ್ತವೆ. ಇದು ಗಾಡಿ ಗಟ್ಟಿಮುಟ್ಟಾಗಿದ್ದಾಗಿನ ಲೆಕ್ಕ. ಪಕ್ಕದ ತಾಲ್ಲೂಕಿನಿಂದ ಗಾಡಿ ಬರಬೇಕಾದಾಗಿನ ಲೆಕ್ಕ ನೀವೇ ಹಾಕಿ.

ಊರಿನ ಹುಡುಗರೆಲ್ಲ ಸೇರಿ ಒಂದು ಮನವಿ ಬರೆದೆವು. “ನಮಗೆ ಹೊಸ ಗಾಡಿ ಕೊಡಿ” ಎಂಬ ಒಂದು ಸಾಲಿನ ಮನವಿಯಲ್ಲ. ಮೊದಲು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಮೂರು ಪ್ರಶ್ನೆ ಕೇಳಿದೆವು: ಠಾಣೆಯ ಪ್ರತಿ ಗಾಡಿಯ ನೋಂದಣಿ ಯಾವ ತಾರೀಖಿನದು? ಕಳೆದ ವರ್ಷ ಎಷ್ಟು ದಿನ ಗಾಡಿ ರಿಪೇರಿಗೆ ನಿಂತಿತ್ತು? ಎಷ್ಟು ಕರೆಗಳಿಗೆ ಬೇರೆ ಠಾಣೆಯ ಗಾಡಿ ಹೋಯಿತು? ಉತ್ತರಕ್ಕೆ ಕಾಯ್ದೆ ಕೊಟ್ಟಿರುವ ಗಡುವು 30 ದಿನ. ಬಂದ ಉತ್ತರವನ್ನೇ ಮನವಿಗೆ ಲಗತ್ತಿಸಿ, ನಾಲ್ಕೂ ಬಾಗಿಲುಗಳ ಹೆಸರು ಬರೆದು, ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ ಕಳಿಸಿದೆವು. ಠಾಣೆಯವರು ಒಳಗಿನಿಂದ ಕೇಳುವುದು ಒಂದು ಕಾಗದ. ಹೊರಗಿನಿಂದ ಊರವರು ಅದನ್ನೇ ಕೇಳಿದಾಗ ಆ ಕಾಗದಕ್ಕೆ ಕಾಲು ಬರುತ್ತದೆ. ನಮ್ಮ ಚಾಲಕರು ಮನವಿ ಓದಿ ಒಂದೇ ಒಂದು ತಿದ್ದುಪಡಿ ಹೇಳಿದರು: “ಗಾಡಿ ಸಂಗಟ ಒಬ್ಬ ಮೆಕ್ಯಾನಿಕ್‌ನೂ ಕೇಳ್ರಿ. ಇಲ್ಲಾಂದ್ರ ಹೊಸಾದೂ ಹತ್ತು ವರ್ಷಕ್ಕ ಹಿಂಗೇ ಆಗ್ತದ.” ಅದನ್ನೂ ಸೇರಿಸಿದೆವು.

ನಮಗೆ ಬಂದ ಜವಾಬು, “ಪ್ರಸ್ತಾವನೆ ಪರಿಶೀಲನೆಯಲ್ಲಿದೆ.” ಪ್ರತಿ ತಿಂಗಳು ಒಬ್ಬೊಬ್ಬರು ಸರದಿಯಲ್ಲಿ ನೆನಪೋಲೆ ಹಾಕುತ್ತಿದ್ದೇವೆ. ಸಾಫ್ಟ್‌ವೇರ್ ಕೆಲಸ ನನಗೆ ಕಲಿಸಿದ ಒಂದು ಗುಣವಿದ್ದರೆ ಅದು ಇದೇ, ಟಿಕೆಟ್ ಮುಚ್ಚುವ ತನಕ ಬೆನ್ನು ಬಿಡಬಾರದು. ಕಾಕಾ ಮಾತ್ರ ಈ ವರ್ಷ ಒಂದು ಬಣವೆಯ ಬದಲು ಮೂರು ಸಣ್ಣ ಬಣವೆ ಹಾಕಿ, ನಡುವೆ ಹತ್ತು ಹತ್ತು ಮಾರು ಜಾಗ ಬಿಟ್ಟಿದ್ದಾನೆ. ಒಂದು ಹೋದರೂ ಎರಡು ಉಳಿಯಲಿ ಅಂತ. ಬ್ಯಾಕಪ್ ಎಂಬ ಶಬ್ದ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಓದುಗರಲ್ಲಿ ಒಂದು ವಿನಂತಿ. ಈ ವಾರ ಪೇಟೆಗೆ ಹೋದಾಗ ನಿಮ್ಮ ತಾಲ್ಲೂಕಿನ ಅಗ್ನಿಶಾಮಕ ಠಾಣೆಗೆ ಐದು ನಿಮಿಷ ಹೋಗಿ ಬನ್ನಿ. ಅಲ್ಲಿಯವರು ಮಾತಿಗೆ ಸಿಗುತ್ತಾರೆ, ಚಹಾ ಸಹ ತರಿಸುತ್ತಾರೆ. ಗಾಡಿಯ ನೋಂದಣಿ ಯಾವ ವರ್ಷದ್ದು ಎಂದು ಕೇಳಿ, ಅದಕ್ಕೆ 15 ಕೂಡಿಸಿ. ಬರುವ ತಾರೀಖಿಗೆ ಇನ್ನೂ ಮೂರು ವರ್ಷವಿದ್ದರೆ ಸಮಾಧಾನದಿಂದ ಮನವಿ ಬರೆಯಿರಿ. ಅದಕ್ಕಿಂತ ಕಮ್ಮಿಯಿದ್ದರೆ ಇವತ್ತೇ ಬರೆಯಿರಿ.